ಆಟಕ್ಕೆ ಹೊರಟ ಬೈರಾಸು

ಕುಂದಾಪುರದ ಕಡೆ ನಮ್ಮ ಮನೆಯಲ್ಲಿ ಯಕ್ಷಗಾನವನ್ನು ಯಕ್ಷಗಾನ ಎಂದು ಯಾರೂ ಕರೆಯುತ್ತಿರಲಿಲ್ಲ. ‘ಆಟ’ ಎಂದರೆ ಮುಗಿಯಿತು. ಆಟ ಇದೆ ಎಂದು ಗೊತ್ತಾದ ದಿನ ಅಮ್ಮನಿಗೆ ಮಧ್ಯಾಹ್ನದಿಂದಲೇ ಗಡಿಬಿಡಿ. ಚಾಪೆ ಸುತ್ತಿ ಬಾಳೆನಾರಿನಲ್ಲಿ ಕಟ್ಟಿಡಬೇಕು, ನನಗೂ ತಮ್ಮನಿಗೂ ಸ್ವೆಟರ್ ಹುಡುಕಬೇಕು, ಒಂದು ಹಳೆಯ ಚಾದರ, ನೀರಿನ ಬಾಟ್ಲಿ, ಮತ್ತೆ ಅಪ್ಪನ ಬೈರಾಸು. ಘಟ್ಟದ ಮೇಲಿನವರು ಟವೆಲು, ವಸ್ತ್ರ ಎನ್ನುವುದನ್ನೇ ನಾವು ಬೈರಾಸು ಎನ್ನುವುದು. ಕೆಂಪು-ಬಿಳಿ ಚೌಕುಳಿಯ ತೆಳು ನೂಲಿನ ಬಟ್ಟೆ. ಬಯಲಿನಲ್ಲಿ ಜಾಗ ಹಿಡಿಯಲು ಅದನ್ನೇ ಹಾಸುತ್ತಿದ್ದೆವು. ಮಧ್ಯರಾತ್ರಿ ಇಬ್ಬನಿ ಬೀಳತೊಡಗಿದರೆ ಅದೇ ತಲೆಗೆ ಸುತ್ತಿಕೊಳ್ಳಲು, ತಮ್ಮ ನಿದ್ದೆ ಹೋದರೆ ಅದೇ ಅವನ ತಲೆದಿಂಬು.

ಅಮ್ಮ ಮಾತ್ರ ಆಟಕ್ಕೆ ನೂಲಿನ ಸೀರೆಯೇ ಉಡುತ್ತಿದ್ದಳು. ಪಟ್ಟೆ ಸೀರೆ ಮದುವೆಗೆ, ಉಪನಯನಕ್ಕೆ. ಆಟದ ಬಯಲಿನಲ್ಲಿ ಬೆಳಗಿನ ತನಕ ನೆಲದ ಮೇಲೆ ಕೂರಬೇಕು, ಮಡಿಲಲ್ಲಿ ಮಕ್ಕಳು ಮಲಗುತ್ತವೆ, ಸುತ್ತ ನೆಲಗಡಲೆ ಸಿಪ್ಪೆ, ಚರುಮುರಿಯ ಕಾಗದ. ಹಾಗಂತ ಮನೆಯಲ್ಲಿ ಉಟ್ಟದ್ದರಲ್ಲೇ ಹೊರಟವಳಲ್ಲ. ಒಗೆದು ಮಡಿಸಿಟ್ಟ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಜನವರಿಯ ದಿನಗಳಾದರೆ ಒಂದು ಹೆಮ್ಮಾಡಿ ಸೇವಂತಿಗೆ. ದಿನವೂ ತುರುಬು ಕಟ್ಟುವವಳು ಆಟದ ದಿನ ಮಾತ್ರ ಜಡೆ ಹೆಣೆದು ಹೂವನ್ನು ಕೆಳಗೆ ಮುಡಿಯುತ್ತಿದ್ದಳು. ಒಮ್ಮೆ ಯಾಕೆಂದು ಕೇಳಿದೆ. ಬಾಚಣಿಗೆ ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದಳು: “ಹಿಂದ್ ಕೂತರಿಗೂ ಆಟ ಕಾಂಬುಕ್ ಬೇಡ್ದಾ?”

ಆ ಮಾತು ನನ್ನ ಕಿವಿಯಲ್ಲಿ ಇತ್ತು. ಆದರೆ ಅದರ ಅರ್ಥ ಒಳಗೆ ಇಳಿದದ್ದು ಮೂವತ್ತು ವರ್ಷದ ನಂತರ, ಥೇಮ್ಸ್ ನದಿಯ ದಡದಲ್ಲಿ.

2013ರ ಮೇ ತಿಂಗಳು. ತಮ್ಮ ಲಂಡನ್ನಿನಲ್ಲಿ ಮನೆ ಮಾಡಿ ಎರಡು ವರ್ಷವಾಗಿತ್ತು. ಅಮ್ಮನನ್ನು ಕರೆದುಕೊಂಡು ನಾನು ಹೊರಟೆ. ಅಮ್ಮ ಪ್ರಾಥಮಿಕ ಶಾಲೆಯ ನಿವೃತ್ತ ಟೀಚರು. ಅಲ್ಲಿಗೆ ಹೋದರೆ ಶೇಕ್ಸ್‌ಪಿಯರನ ಒಂದು ನಾಟಕ ನೋಡಲೇಬೇಕು ಎಂದು ತಮ್ಮನಿಗೆ ಮೊದಲೇ ಹೇಳಿಟ್ಟಿದ್ದಳು. ಅವನು ಗ್ಲೋಬ್ ಥಿಯೇಟರಿನಲ್ಲಿ ‘ದಿ ಟೆಂಪೆಸ್ಟ್’ಗೆ ಟಿಕೆಟ್ ಮಾಡಿಸಿದ. ಅದೇ ನಾಟಕವನ್ನು ಕುವೆಂಪು ‘ಬಿರುಗಾಳಿ’ಯಾಗಿ ಕನ್ನಡಕ್ಕೆ ತಂದದ್ದನ್ನು ಅಮ್ಮ ಓದಿದ್ದಳು. ಹೊರಡುವ ಮುಂಚೆ ಪುಸ್ತಕವನ್ನು ಕಪಾಟಿನಿಂದ ತೆಗೆದು ಮತ್ತೊಮ್ಮೆ ಓದಿ ಮುಗಿಸಿದಳು.

ಬಟ್ಟೆಯ ಜವಾಬ್ದಾರಿ ನನ್ನದಾಯಿತು. ಲಂಡನ್ನಿನ ನಾಟಕಶಾಲೆ ಎಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಸಿನಿಮಾಗಳಲ್ಲಿ ಕಂಡದ್ದು: ಕೆಂಪು ಮಖಮಲ್ಲಿನ ಕುರ್ಚಿ, ಕರಿ ಕೋಟಿನ ಗಂಡಸರು, ಕೊರಳಿಗೆ ಮುತ್ತು ಹಾಕಿದ ಹೆಂಗಸರು. ಅಲ್ಲಿ ನನ್ನ ಅಮ್ಮ ಕಡಿಮೆಯಾಗಿ ಕಾಣಬಾರದು ಎಂಬ ಹಟ ನನ್ನೊಳಗೆ ಹೊಕ್ಕಿತು. ಅದು ಪ್ರೀತಿಯ ಹಟವೇ. ಆದರೆ ಅದರಲ್ಲಿ ಅಮ್ಮನಿಗೆ ಬೇಕಾದದ್ದೇನು ಎಂಬ ವಿಚಾರ ಇರಲಿಲ್ಲ. ತಮ್ಮನ ಮದುವೆಗೆ ತೆಗೆದ ನೇರಳೆ ಬಣ್ಣದ ಪಟ್ಟೆ ಸೀರೆಯನ್ನು ಪೆಟ್ಟಿಗೆಗೆ ಹಾಕಿದೆ. ಅವಳು ಹಾಕಿಕೊಂಡು ಬಂದ ಕ್ಯಾನ್ವಾಸ್ ಶೂ ಬೇಡವೆಂದು ಆ ಸಂಜೆ ತೆಗೆಸಿ, ಜರಿಯಂಚಿಗೆ ಹೊಂದುವ ಚಪ್ಪಲಿ ಹಾಕಿಸಿದೆ. ಸ್ವೆಟರಿನ ಮೇಲೆ ಕೋಟು ಬೇಡ, ಸೀರೆ ಮುಚ್ಚಿಹೋಗುತ್ತದೆ ಎಂದೆ. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, “ಅತ್ತಿಗೆ, ಅಲ್ಲಿ ಚಳಿ ಆಗ್ತದೆ. ಅತ್ತೆಗೆ ಶೂ ಹಾಕಿಸಿ,” ಎಂದು ಮೆತ್ತಗೆ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಅಮ್ಮ ಏನೂ ಮಾತಾಡದೆ ಕನ್ನಡಿಯ ಎದುರು ತುರುಬು ಬಿಚ್ಚಿ ಜಡೆ ಹಾಕಿಕೊಂಡಳು. ಹೊರಡುವ ಹೊತ್ತಿಗೆ ಕೈಚೀಲದಲ್ಲಿ ಬೈರಾಸು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡಳು.

ಗ್ಲೋಬ್ ಎಂದರೆ ಶೇಕ್ಸ್‌ಪಿಯರನ ಕಾಲದ ಕಟ್ಟಡವೇ ಅಲ್ಲ. 1599ರಲ್ಲಿ ಕಟ್ಟಿದ್ದು 1613ರಲ್ಲಿ ಸುಟ್ಟುಹೋಯಿತು. ಅದೇ ಜಾಗದಲ್ಲಿ ಮತ್ತೆ ಎದ್ದದ್ದೂ ಮುಂದೆ ಇಲ್ಲವಾಯಿತು. ಸ್ಯಾಮ್ ವಾನಮೇಕರ್ ಎಂಬ ಅಮೆರಿಕದ ನಟ 1949ರಲ್ಲಿ ಲಂಡನ್ನಿಗೆ ಬಂದು ಗ್ಲೋಬ್ ಎಲ್ಲಿದೆ ಎಂದು ಹುಡುಕಿದರೆ ಗೋಡೆಯ ಮೇಲೊಂದು ಫಲಕ ಬಿಟ್ಟು ಬೇರೇನೂ ಸಿಗಲಿಲ್ಲವಂತೆ. ಆ ಮನುಷ್ಯ ಉಳಿದ ಜೀವನವನ್ನೇ ಅದನ್ನು ಮತ್ತೆ ಕಟ್ಟಿಸಲು ತೇದ. 1993ರಲ್ಲಿ ತೀರಿಕೊಂಡ. ಬಾಗಿಲು ತೆರೆದದ್ದು 1997ರಲ್ಲಿ. ಓಕ್ ಮರದ ತೊಲೆ, ಸುಣ್ಣದ ಗೋಡೆ, ಹುಲ್ಲಿನ ಮಾಡು. 1666ರಲ್ಲಿ ಲಂಡನ್ ಹೊತ್ತಿ ಉರಿದ ಮೇಲೆ ಆ ಊರಿನಲ್ಲಿ ಹುಲ್ಲಿನ ಮಾಡಿಗೆ ಅನುಮತಿ ಸಿಕ್ಕಿದ ಮೊದಲ ಕಟ್ಟಡ ಅದು. ಸುತ್ತ ಮೂರು ಅಂತಸ್ತಿನ ಗ್ಯಾಲರಿಯಲ್ಲಿ ಮರದ ಬೆಂಚು. ನಡುವೆ ಮಾಡಿಲ್ಲದ ಅಂಗಳ. ಆ ಅಂಗಳದಲ್ಲಿ ಏಳುನೂರು ಜನ ನಿಂತು ನೋಡಬಹುದು. ನಮ್ಮದು ಐದು ಪೌಂಡಿನ ಅಂಗಳದ ಟಿಕೆಟ್. ಕೂರುವ ಜಾಗ ಆ ದಿನಕ್ಕೆ ಸಿಗಲಿಲ್ಲ ಎಂದು ತಮ್ಮ ಟ್ರೈನಿನಲ್ಲಿ ಹೇಳಿದ. ನನ್ನ ಎದೆ ಧಸಕ್ಕೆಂದಿತು.

ಒಳಗೆ ಕಾಲಿಟ್ಟ ಕೂಡಲೇ ಅಮ್ಮ ತಲೆ ಎತ್ತಿದಳು. ಹುಲ್ಲಿನ ಮಾಡಿನ ಅಂಚಿನೊಳಗೆ ಒಂದು ದುಂಡನೆಯ ಬೂದು ಆಕಾಶ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಬಯಲಾಟವೇ ಅಲ್ದಾ ಮಗಾ,” ಎಂದಳು. ಮುಖ ಅರಳಿತ್ತು. ಆಮೇಲೆ ತನ್ನ ನೆರಿಗೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಮತ್ತೆ ಪಟ್ಟೆ ಸೀರೆ ಎಂತಕ್ಕೆ ಉಡಿಸಿದ್ದು?”

ನನ್ನ ಬಳಿ ಉತ್ತರ ಇರಲಿಲ್ಲ. ಸುತ್ತ ನೋಡಿದೆ. ಬೆನ್ನಿಗೆ ಚೀಲ ಹಾಕಿದ ವಿದ್ಯಾರ್ಥಿಗಳು, ಆಫೀಸಿನಿಂದ ನೇರ ಬಂದ ಸೂಟಿನವರು, ಮೊಣಕಾಲ ತನಕ ಬೂಟು ಹಾಕಿದ ಮುದುಕರೊಬ್ಬರು. ಯಾರ ಬಟ್ಟೆಯನ್ನೂ ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ರಂಗದ ಮೇಲೆ ಅಥವಾ ಆಕಾಶದ ಮೇಲೆ. ಅಲ್ಲಿ ಕೆಲಸ ಮಾಡುವ ಸ್ವಯಂಸೇವಕರು ಜನರ ನಡುವೆ ಓಡಾಡುತ್ತಾ ಛತ್ರಿ ಬಿಚ್ಚಬಾರದು, ನಾಟಕ ನಡೆಯುವಾಗ ಅಂಗಳದಲ್ಲಿ ಕೂರಬಾರದು ಎಂದು ಹೇಳುತ್ತಿದ್ದರು. ಮಳೆ ಬಂದರೆ ನಾಟಕ ನಿಲ್ಲುವುದಿಲ್ಲ, ಮಳೆಯಂಗಿ ಹಾಕಿಕೊಳ್ಳಬಹುದು. ಛತ್ರಿ ಯಾಕೆ ಬೇಡ ಎಂದು ನಾನು ಕೇಳುವುದಕ್ಕೂ ಮೊದಲೇ ಅಮ್ಮನಿಗೆ ಗೊತ್ತಾಗಿತ್ತು. ಛತ್ರಿಯ ಹಿಂದೆ ನಿಂತವನಿಗೆ ಏನು ಕಂಡೀತು?

ಅಮ್ಮ ಸೀದಾ ಮುಂದೆ ನಡೆದು ರಂಗದ ಅಂಚಿಗೆ ಮೊಣಕೈ ಊರಿ ನಿಂತಳು. ಅಲ್ಲಿಂದ ನಟರ ಕಾಲ್ಬೆರಳು ಕಾಣುತ್ತದೆ, ಅವರ ಉಸಿರು ಕೇಳುತ್ತದೆ. ನಾಟಕ ಶುರುವಾಗಿ ಹಡಗು ಒಡೆದು, ಪ್ರಾಸ್ಪೆರೋ ಮಗಳಿಗೆ ಹಳೆಯ ಕಥೆ ಹೇಳುತ್ತಿದ್ದ. ಆ ಪಾತ್ರ ಮಾಡಿದವರು ರೋಜರ್ ಅಲಮ್. ಅವರ ಧ್ವನಿ ದೊಡ್ಡ ಹಂಡೆಯೊಳಗಿನಿಂದ ಬಂದಂತೆ ಬರುತ್ತಿತ್ತು. ಅಷ್ಟರಲ್ಲಿ ಮೊದಲ ಹನಿ ಬಿತ್ತು.

ನಮ್ಮೂರಿನ ಮಳೆಯಲ್ಲ ಅದು. ನಮ್ಮ ಮಳೆ ಬಂದರೆ ಬಂತು, ಹೋದರೆ ಹೋಯಿತು. ಅಲ್ಲಿಯದು ಜರಡಿ ಹಿಡಿದ ಹಾಗೆ ಸಣ್ಣಗೆ, ಬಿಡದೆ, ಮೂಳೆಗೆ ತಾಗುವ ಚಳಿಯೊಂದಿಗೆ. ತಮ್ಮ ಓಡಿಹೋಗಿ ತೆಳು ಪ್ಲಾಸ್ಟಿಕ್ಕಿನ ಮಳೆಯಂಗಿ ತಂದ. ಅಮ್ಮನಿಗೆ ತೊಡಿಸಿ ಅದರ ಕುಲಾವಿಯನ್ನು ತಲೆಯ ಮೇಲೆ ಎಳೆದೆ. ಆ ಕುಲಾವಿ ಮೇಲಕ್ಕೆ ಚೂಪಾಗಿ ನಿಂತಿತು. ಅಮ್ಮ ಹಿಂದೆ ತಿರುಗಿ ನೋಡಿದಳು. ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅಮ್ಮನ ಭುಜದ ಪಕ್ಕದಿಂದ ಇಣುಕುತ್ತಿದ್ದಳು. ಅಮ್ಮ ಒಂದು ಮಾತೂ ಆಡದೆ ಕುಲಾವಿಯನ್ನು ಕೆಳಕ್ಕಿಳಿಸಿ ಕತ್ತಿನ ಹಿಂದೆ ಮಡಚಿದಳು. ಚೀಲದಿಂದ ಬೈರಾಸು ತೆಗೆದು, ತಲೆಗೆ ಅಂಟಿಕೊಳ್ಳುವ ಹಾಗೆ, ಆಟದ ಬಯಲಿನಲ್ಲಿ ಇಬ್ಬನಿಗೆ ಸುತ್ತಿಕೊಳ್ಳುತ್ತಿದ್ದಳಲ್ಲ, ಹಾಗೇ ಚಪ್ಪಟೆಯಾಗಿ ಸುತ್ತಿಕೊಂಡಳು. ಆಮೇಲೆ ಬಗ್ಗಿ ನೆರಿಗೆ ಎತ್ತಿ, ನೇಜಿ ನೆಡಲು ಗದ್ದೆಗೆ ಇಳಿಯುವವರಂತೆ ಸೊಂಟಕ್ಕೆ ಸಿಕ್ಕಿಸಿ ಮತ್ತೆ ರಂಗದ ಕಡೆ ತಿರುಗಿದಳು. ನಾಟಕ ಮುಗಿಯುವ ತನಕ ಆ ಹುಡುಗಿ ಅಮ್ಮನ ತಲೆಯ ಮೇಲಿಂದ ನೋಡಿದಳು.

ನಾನು ಮಾತ್ರ ಅಮ್ಮನ ಕಾಲನ್ನೇ ನೋಡುತ್ತಿದ್ದೆ. ನೇರಳೆ ಬಣ್ಣ ಕರಗಿ ಒಳಲಂಗಕ್ಕೆ ಇಳಿದು, ಅಲ್ಲಿಂದ ಹಿಮ್ಮಡಿಗೆ ಹರಿದು, ನಾನೇ ಹಾಕಿಸಿದ ಜರಿಯ ಚಪ್ಪಲಿಯೊಳಗೆ ನಿಂತಿತ್ತು. ಬೆರಳುಗಳು ಬಿಳಿಚಿಕೊಂಡಿದ್ದವು. ಮಧ್ಯಂತರದಲ್ಲಿ ಮನೆಗೆ ಹೋಗೋಣ ಎಂದೆ, ಗಂಟಲು ಕಟ್ಟಿತ್ತು. ಅಮ್ಮ ಬಿಸಿ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು, “ಅವ್ರು ಬಿಟ್ ಹೋಯ್ಲಿಲ್ಲ ಅಲ್ದಾ?” ಎಂದಳು. ಅವರು ಎಂದರೆ ವೇಷದವರು. ರಂಗಕ್ಕೆ ಮಾಡು ಇದೆ ನಿಜ. ಆದರೆ ಅವರೂ ಅಂಗಳಕ್ಕೆ ಇಳಿದು, ಜನರ ನಡುವೆಯೇ ದಾರಿ ಮಾಡಿಕೊಂಡು, ಒದ್ದೆಯಾಗಿಯೇ ಮೇಲೆ ಹತ್ತುತ್ತಿದ್ದರು. ಅದನ್ನು ಕಂಡಾಗಲೆಲ್ಲ ಅಮ್ಮನಿಗೆ ನೆನಪಾದದ್ದು ದೇವಿ ಮಹಾತ್ಮೆಯ ಮಹಿಷಾಸುರ. ಅವನೂ ವೇಷ ಕಟ್ಟುವ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ. ದೊಂದಿ ಬೆಳಕಿನಲ್ಲಿ ಜನರ ಹಿಂದಿನಿಂದ, ಕೂತವರ ನಡುವೆ ಆರ್ಭಟಿಸುತ್ತಾ ಬರುತ್ತಾನೆ. ಮಲಗಿದ್ದ ನಮ್ಮನ್ನು ಆ ಹೊತ್ತಿಗೆ ಅಮ್ಮ ಎಬ್ಬಿಸುತ್ತಿದ್ದಳು.

ಮರುದಿನ ತಮ್ಮ ಗ್ಲೋಬಿನ ಮೇಲಿನ ಒಂದು ಪುಸ್ತಕ ಕೊಟ್ಟ. ಮಳೆಗೆ ಹೊರಗೆ ಹೋಗಲಾಗದ ಆ ದಿನ ಕಿಟಕಿಯ ಪಕ್ಕ ಕೂತು ಓದುತ್ತಾ ಹೋದೆ. ಬಟ್ಟೆಯ ವಿಷಯ ಬಂದಲ್ಲೆಲ್ಲ ನನ್ನ ಕಣ್ಣು ನಿಲ್ಲುತ್ತಿತ್ತು. ಶೇಕ್ಸ್‌ಪಿಯರನ ಕಾಲದಲ್ಲಿ ಅಂಗಳದ ಟಿಕೆಟ್ ಒಂದು ಪೆನ್ನಿ. ದುಡಿದು ತಿನ್ನುವವರು ಕೆಲಸದ ಬಟ್ಟೆಯಲ್ಲೇ ಬಂದು ನಿಲ್ಲುತ್ತಿದ್ದರು. ದುಬಾರಿ ಬಟ್ಟೆ ಇರುತ್ತಿದ್ದದ್ದು ರಂಗದ ಮೇಲೆ. ನಾಟಕ ತಂಡದ ಆಸ್ತಿಯಲ್ಲಿ ಅತಿ ಬೆಲೆಯದ್ದು ವೇಷಭೂಷಣವೇ. 1599ರಲ್ಲಿ ಲಂಡನ್ನಿಗೆ ಬಂದಿದ್ದ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಬರೆದಿಟ್ಟಿದ್ದಾನೆ: ದೊಡ್ಡ ಮನೆತನದವರು ಸಾಯುವಾಗ ತಮ್ಮ ಒಳ್ಳೆಯ ಉಡುಪುಗಳನ್ನು ಸೇವಕರಿಗೆ ಬಿಟ್ಟುಹೋಗುತ್ತಾರೆ, ಅದನ್ನು ತೊಡುವುದು ಸೇವಕರಿಗೆ ಸಲ್ಲದ ಕಾರಣ ಅವರು ನಟರಿಗೆ ಮಾರುತ್ತಾರೆ ಎಂದು. 1613ರ ಬೆಂಕಿಯ ಬಗ್ಗೆ ಹೆನ್ರಿ ವಾಟನ್ ಎಂಬಾತ ಬರೆದ ಪತ್ರವೂ ಅದರಲ್ಲಿತ್ತು. ನಾಟಕದ ನಡುವೆ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ತಾಗಿ ಇಡೀ ಗ್ಲೋಬ್ ಬೂದಿಯಾಯಿತು, ಒಬ್ಬನ ಚಡ್ಡಿಗೆ ಬೆಂಕಿ ಹೊತ್ತಿಕೊಂಡಾಗ ಬಾಟಲಿಯ ಬಿಯರ್ ಸುರಿದು ಆರಿಸಿದರು ಎಂದು ಅವನು ಬರೆಯುತ್ತಾನೆ. ಓದಿ ಹೇಳಿದೆ. ಅಮ್ಮ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಾ, ಹಾಗಾದರೆ ಅವನು ನೂಲಿನದ್ದೋ ಉಣ್ಣೆಯದ್ದೋ ಹಾಕಿರಬೇಕು, ಪಟ್ಟೆಯಾಗಿದ್ದರೆ ಮೈಗೆ ಅಂಟಿಬಿಡುತ್ತಿತ್ತು ಎಂದಳು.

ಆ ಸೀರೆ ಈಗಲೂ ಇದೆ. ಊರಿಗೆ ಬಂದ ಮೇಲೆ ಎರಡು ಸಲ ಡ್ರೈ ಕ್ಲೀನಿಂಗಿಗೆ ಕೊಟ್ಟೆ. ಅಂಚಿನ ಮೇಲೆ ಒಂದು ಗೇಣು ಎತ್ತರದಲ್ಲಿ ಅಲೆಯ ಗುರುತಿನಂಥ ಗೆರೆ ಹೋಗಲಿಲ್ಲ. ಅಮ್ಮ ಅದನ್ನು ಮುಚ್ಚಿಡದೆ ಉಡುತ್ತಾಳೆ. ಕೇಳಿದವರಿಗೆ ಲಂಡನ್ನಿನ ಮಳೆ ಎನ್ನುತ್ತಾಳೆ.

ಅಲ್ಲಿಂದೀಚೆಗೆ ಊರು ಬಿಟ್ಟು ಹೋದಲ್ಲೆಲ್ಲ ಅಲ್ಲಿ ನಾಟಕ ಇದೆಯೇ ಎಂದು ವಿಚಾರಿಸುವುದು ನನಗೆ ರೂಢಿಯಾಯಿತು. ಏನು ಉಡಬೇಕು ಎಂಬ ಪ್ರಶ್ನೆಯನ್ನು ಕನ್ನಡಿಗೆ ಕೇಳುವುದನ್ನು ಬಿಟ್ಟೆ. ಎಲ್ಲಿ ಕೂರುವುದು, ನೆಲವೋ ಬೆಂಚೋ, ಮೇಲೆ ಮಾಡು ಇದೆಯೋ, ಎಷ್ಟು ಹೊತ್ತು, ವಾಪಸು ಹೇಗೆ ಎಂದು ತಿಳಿದುಕೊಂಡು ಪೆಟ್ಟಿಗೆ ಕಟ್ಟುತ್ತೇನೆ. ಹೆಗ್ಗೋಡಿಗೆ ಅಕ್ಟೋಬರಿನಲ್ಲಿ ನೀನಾಸಂ ಶಿಬಿರಕ್ಕೆ ಹೋದರೆ ಸಂಜೆಯ ಮಳೆ, ಕೆಂಪು ಕೆಸರು. ಅಲ್ಲಿಗೆ ಬೇಗ ಒಣಗುವ ಬಟ್ಟೆಯೇ ಆಗಬೇಕು. ಮೈಸೂರಿನ ರಂಗಾಯಣದ ವನರಂಗ ಬಯಲು ರಂಗ. ಬಹುರೂಪಿಯ ಹೊತ್ತಿಗೆ ಕತ್ತಲಾದ ಮೇಲೆ ಶಾಲು ಇಲ್ಲದಿದ್ದರೆ ಮನಸ್ಸು ನಾಟಕದಿಂದ ಎದ್ದು ಚಳಿಯ ಕಡೆ ಹೋಗಿಬಿಡುತ್ತದೆ.

ಬಟ್ಟೆಗೆ ಸದ್ದೂ ಇದೆ ಎಂದು ತಿಳಿದದ್ದು ಬೆಂಗಳೂರಿನ ರಂಗಶಂಕರದಲ್ಲಿ. ಅಲ್ಲಿ ಏಳೂವರೆಗೆ ಬಾಗಿಲು ಹಾಕಿದರೆ ಹಾಕಿದರು, ತಡವಾಗಿ ಬಂದವರನ್ನು ಬಿಡುವುದಿಲ್ಲ. ಆ ಶಿಸ್ತು ನನಗೆ ಬಹಳ ಇಷ್ಟ. ಒಮ್ಮೆ ಊರಿನಿಂದ ಬಸ್ಸಿನಲ್ಲಿ ಬಂದು, ಯಾರದ್ದೋ ಸೀಮಂತ ಮುಗಿಸಿ, ಎರಡೂ ಕೈಗೆ ಡಜನ್ ಹಸಿರು ಗಾಜಿನ ಬಳೆ ಇರುವಾಗಲೇ ಓಡಿಬಂದು ಒಳಗೆ ಕೂತಿದ್ದೆ. ರಂಗದ ಮೇಲೆ ಒಬ್ಬಳೇ ನಟಿ, ಮಾತಿಲ್ಲ, ತಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಕಲ್ಲು ನೆಲಕ್ಕೆ ಬಿದ್ದ ಸಣ್ಣ ಸದ್ದೂ ಹಿಂದಿನ ಸಾಲಿಗೆ ಕೇಳುವಷ್ಟು ಮೌನ. ನಾನು ಸೆರಗು ಸರಿಮಾಡಿಕೊಂಡೆ. ಬಳೆಗಳು ಝಲ್ಲೆಂದವು. ಅಕ್ಕಿಯ ಮೇಲಿದ್ದ ನಟಿಯ ಬೆರಳು ಒಂದು ಕ್ಷಣ ತಡೆದವು, ಮತ್ತೆ ಸಾಗಿದವು. ಅಷ್ಟೇ. ಬೇರೆ ಯಾರೂ ಗಮನಿಸಿರಲಿಕ್ಕಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಹಿಡಿದು ಮುಗಿಯುವ ತನಕ ಕೂತೆ. ಹಿಂದಿನವರಿಗೆ ಕಾಣಬೇಕು ಎಂದು ಅಮ್ಮ ಕಲಿಸಿದ್ದಳು. ಮುಂದಿನವರಿಗೂ ನಾನು ಕೇಳಿಸಬಾರದು ಎಂಬುದನ್ನು ಆ ಬೆರಳುಗಳಿಂದ ಕಲಿತೆ.

ಲಂಡನ್ನಿನಿಂದ ಬಂದು ಮೂರು ವರ್ಷವಾದ ಮೇಲೆ ಕೆಲಸದ ಮೇಲೆ ವಿಯೆನ್ನಾಕ್ಕೆ ಹೋಗಬೇಕಾಯಿತು. ಚಳಿಗಾಲ. ಅಲ್ಲಿನ ಸ್ಟೇಟ್ ಒಪೇರಾ ಕಟ್ಟಡವನ್ನು ಹೊರಗಿನಿಂದ ನೋಡಿದರೇ ಒಳಗೆ ಹೋಗಲು ನಮ್ಮ ಬಟ್ಟೆ ಸಾಲದು ಅನ್ನಿಸುತ್ತದೆ. 1869ರಲ್ಲಿ ತೆರೆದದ್ದು. 1945ರ ಮಾರ್ಚಿನಲ್ಲಿ ಬಾಂಬ್ ಬಿದ್ದು ಸಭಾಂಗಣವೂ ರಂಗವೂ ಸುಟ್ಟವು. ಹತ್ತು ವರ್ಷ ಕಟ್ಟಿ 1955ರಲ್ಲಿ ಮತ್ತೆ ತೆರೆದರು. ಅಂಥ ಜಾಗದಲ್ಲೂ ನಿಂತು ನೋಡುವವರಿಗೆ ಜಾಗ ಇಟ್ಟಿದ್ದಾರೆ, ಅದೂ ನೆಲ ಅಂತಸ್ತಿನಲ್ಲಿ, ನಡುಮಧ್ಯದ ದೊಡ್ಡ ಬಾಕ್ಸಿನ ಕೆಳಗೇ. ಆಗ ಟಿಕೆಟ್ ನಾಲ್ಕು ಯೂರೋ. ಆ ಸಂಜೆಯೇ ಸರದಿಯಲ್ಲಿ ನಿಂತು ಕೊಳ್ಳಬೇಕಿತ್ತು.

ಉಣ್ಣೆಯ ಪ್ಯಾಂಟು, ನೂಲಿನ ಉದ್ದ ಕುರ್ತಾ, ವರ್ಷವಿಡೀ ಹಾಕಿ ಪಳಗಿದ ಶೂ, ಬಳೆಯಿಲ್ಲದ ಬರಿಗೈ. ಟಿಕೆಟ್ ಸಿಕ್ಕಿ ಒಳಗೆ ಹೋದರೆ ಮೆಟ್ಟಿಲು ಮೆಟ್ಟಿಲಾಗಿ ಸಾಲುಗಳು, ಪ್ರತಿ ಸಾಲಿಗೂ ಒರಗಿಕೊಳ್ಳಲು ಅಡ್ಡಗಂಬಿ, ಕಂಬಿಯಲ್ಲಿ ಹಾಡಿನ ಅರ್ಥ ತೋರಿಸುವ ಚಿಕ್ಕ ಪರದೆ. ಬಂದವರೆಲ್ಲ ಕೊರಳಿನ ಸ್ಕಾರ್ಫ್ ಬಿಚ್ಚಿ ಕಂಬಿಗೆ ಗಂಟು ಹಾಕಿ, ಕೋಟು ಕೊಡಲು ಹೊರಗೆ ಹೋಗುತ್ತಿದ್ದರು. ರೇಷ್ಮೆ, ಉಣ್ಣೆ, ಕಪ್ಪು, ಬೂದು, ಹೂವಿನ ಚಿತ್ತಾರ. ಗಂಟು ಬಿದ್ದರೆ ಆ ಜಾಗ ಅವರದ್ದು. ಅರ್ಧ ಗಂಟೆ ಬಿಟ್ಟು ಬಂದರೂ ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಬಯಲಿನಲ್ಲೂ ಅದೇ ಕಾನೂನು. ಸಂಜೆ ಐದಕ್ಕೆ ಹಾಸಿಹೋದ ಬೈರಾಸನ್ನು ರಾತ್ರಿ ಒಂಬತ್ತರ ತನಕ ಎಂಥವನೂ ಸರಿಸುತ್ತಿರಲಿಲ್ಲ.

ಚೀಲಕ್ಕೆ ಕೈ ಹಾಕಿದೆ. ಲಂಡನ್ನಿನ ನಂತರ ಅದಿಲ್ಲದೆ ನಾನು ಪ್ರಯಾಣ ಹೊರಟದ್ದಿಲ್ಲ. ಕೆಂಪು-ಬಿಳಿ ಚೌಕುಳಿಯನ್ನು ಆ ಕಂಬಿಗೆ ಎರಡು ಸುತ್ತು ಸುತ್ತಿ ಗಂಟು ಬಿಗಿದೆ.

ಆ ದಿನದ ಒಪೇರಾ ‘ಟೋಸ್ಕಾ’. 1958ರಲ್ಲಿ ಮಾರ್ಗರೆಟೆ ವಾಲ್‌ಮನ್ ರಂಗಕ್ಕೆ ತಂದ ಪ್ರಯೋಗವನ್ನೇ ಅವರು ಇಂದಿಗೂ ಆಡುತ್ತಾರೆ. ಹಾಡುವವರು ಬದಲಾಗಿದ್ದಾರೆ. ಆ ಚರ್ಚು, ಆ ಕೋಟೆ, ಆ ರಂಗಸಜ್ಜು ಅದೇ. ದೀಪ ಆರುವ ಮುಂಚೆ ನನ್ನ ಕೈ ತಾನಾಗಿ ತಲೆಗೆ ಹೋಯಿತು. ಚಳಿಯೆಂದು ಕೂದಲನ್ನು ಮೇಲಕ್ಕೆತ್ತಿ ತುರುಬು ಕಟ್ಟಿದ್ದೆ. ತಿರುಗಿ ನೋಡಿದರೆ ಹಿಂದಿನ ಮೆಟ್ಟಿಲಲ್ಲಿ ಬಿಳಿ ಕೂದಲಿನ, ಬಹಳ ಗಿಡ್ಡನೆಯ ಅಜ್ಜಿ. ಮೆಟ್ಟಿಲ ಮೇಲಿದ್ದರೂ ಅವರ ಕಣ್ಣು ನನ್ನ ತುರುಬಿನ ಮಟ್ಟಕ್ಕೇ ಬರುತ್ತಿತ್ತು. ಕ್ಲಿಪ್ಪು ತೆಗೆದು ಗಡಿಬಿಡಿಯಲ್ಲಿ ಜಡೆ ಹಾಕಿಕೊಂಡೆ. ಅಜ್ಜಿ ಒಮ್ಮೆ ತಲೆದೂಗಿದರು.

ಎರಡನೆಯ ಅಂಕದ ಕೊನೆಗೆ ನನ್ನ ಎರಡೂ ಕೈ ಬೈರಾಸಿನ ಗಂಟನ್ನು ಹಿಡಿದಿದ್ದವು. ಎಷ್ಟು ಬಿಗಿ ಹಿಡಿದಿದ್ದೆನೋ ಗೊತ್ತಿಲ್ಲ. ಟೋಸ್ಕಾ ಕೋಟೆಯ ಮೇಲಿಂದ ಹಾರಿ, ಪರದೆ ಬಿದ್ದು, ಚಪ್ಪಾಳೆ ಮುಗಿದು, ಎಲ್ಲರೂ ತಮ್ಮ ತಮ್ಮ ಸ್ಕಾರ್ಫ್ ಬಿಚ್ಚಿಕೊಂಡು ಹೊರಟರು. ನನ್ನದು ಬಿಚ್ಚಲಿಲ್ಲ. ಅಂಗೈ ಬೆವರಿಗೆ ನೂಲು ಉಬ್ಬಿ ಗಂಟು ಕಲ್ಲಾಗಿತ್ತು. ಅಜ್ಜಿ ಹಿಂದಿನಿಂದ ಇಳಿದುಬಂದು ಜರ್ಮನ್‌ನಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ಕನ್ನಡಕ ಹಣೆಗೆ ಏರಿಸಿ, ಬೈರಾಸಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೇಯ್ಗೆ ನೋಡಿದರು. ಆಮೇಲೆ ಗಂಟಿನ ಒಂದು ಬದಿಗೆ ಅವರು ಉಗುರು ಹಾಕಿದರು, ಇನ್ನೊಂದು ಬದಿಗೆ ನಾನು. ಹಿಂದೆ ಒಂದೊಂದೇ ದೀಪ ಆರುತ್ತಿತ್ತು.